ಮೂರನೇ ಗೋಪುರದ ಸೊನ್ನೆ

ಫೆಬ್ರವರಿ 9

ಮಾವನಿಗೆ,

ಮೊದಲೇ ಹೇಳಿಬಿಡುತ್ತೇನೆ, ಇದು ರಾಜಿಪತ್ರವಲ್ಲ. ಎರಡು ವರ್ಷದಿಂದ ನಿಮ್ಮ ಜೊತೆ ಮಾತು ಬಿಟ್ಟಿದ್ದೇನೆ, ಅದು ಹಾಗೇ ಜಾರಿಯಲ್ಲಿದೆ. ಮಾತು ಬಿಟ್ಟಿದ್ದೀಯ, ಬರೆಯೋದು ಬಿಟ್ಟಿಲ್ಲವಲ್ಲ ಅಂತ ದಾರಿ ತೋರಿಸಿದವಳು ಅಮ್ಮ. "ಫೋನ್ ಮಾಡಿದರೆ ನೀನೂ ನನ್ನ ತಮ್ಮನೂ ಎರಡನೇ ಮಾತಿಗೇ ಕಿತ್ತಾಡ್ತೀರಿ. ಕಾಗದ ಬರಿ. ಕಾಗದದಲ್ಲಾದರೆ ಅವನು ಮಧ್ಯ ಬಾಯಿ ಹಾಕೋಕಾಗಲ್ಲ" ಅಂದಳು. ನಿಮ್ಮ ಅಕ್ಕನಿಗೆ ನಿಮ್ಮ ಬಗ್ಗೆ ಎಷ್ಟು ತಿಳಿದಿದೆ ನೋಡಿ.

ವಿಷಯ ಇಷ್ಟು. ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ.

ನಾನು ಕೂರುವುದು ರೋಪ್‌ವೇಯ ಕೆಳಗಿನ ಸ್ಟೇಷನ್ನಿನ ಕಂಟ್ರೋಲ್ ರೂಮಿನಲ್ಲಿ. ಇಡೀ ಬೆಟ್ಟದ ಹಗ್ಗ ನನ್ನ ಕೈಯಲ್ಲಿದೆ ಅನ್ನೋದು ಹೆಸರಿಗೆ. ನನ್ನ ಕಿಟಕಿಯಿಂದ ಕಾಣುವುದು ಟಿಕೆಟ್ ಕೌಂಟರಿನ ಗೋಡೆ. ಗಾಳಿ ಎಷ್ಟಿದೆ ಅಂತ ನೋಡಲು ಮೂರನೇ ಗೋಪುರದ ನೆತ್ತಿಯಲ್ಲಿ ಒಂದು ಅಳೆಯುವ ಯಂತ್ರ ಕೂರಿಸಿದ್ದಾರೆ. ಅದು ಕಳಿಸಿದ ಅಂಕಿ ನನ್ನ ಪರದೆ ಮೇಲೆ ಬರುತ್ತದೆ. ಗಂಟೆಗೆ ನಲವತ್ತು ಕಿಲೋಮೀಟರಿನೊಳಗೆ ಇದ್ದರೆ ಹಸಿರು ದೀಪ, ಕ್ಯಾಬಿನ್ ಬಿಡಬೇಕು. ದಾಟಿದರೆ ಕೆಂಪು, ಹಗ್ಗ ತಾನಾಗಿಯೇ ನಿಲ್ಲುತ್ತದೆ.

ಹೋದ ತಿಂಗಳು ಒಂದು ದಿನ ಮಂಜು ಕವಿದಿತ್ತು. ಪರದೆಯಲ್ಲಿ ಗಾಳಿ: ಸೊನ್ನೆ. ದೀಪ: ಹಸಿರು. ಬಿಟ್ಟೆ. ಕ್ಯಾಬಿನ್ ಮೂರನೇ ಗೋಪುರ ತಲುಪುವ ಹೊತ್ತಿಗೆ ಮೇಲೆ ಗಾಳಿ ಹುಚ್ಚೆದ್ದಿತ್ತಂತೆ. ತೂಗಾಡಿ ಹೋಗಿ ಕಂಬಕ್ಕೆ ಗುದ್ದಿತು. ಪ್ರಯಾಣಿಕರಿಗೆ ತರಚಿದ ಗಾಯ. ಆದರೆ ಬಾಗಿಲಣ್ಣನ ಎಡಗೈ ಬಾಗಿಲಿಗೂ ಕಂಬಕ್ಕೂ ನಡುವೆ ಸಿಕ್ಕಿ ಜಜ್ಜಿಹೋಯಿತು. ಬಾಗಿಲಣ್ಣ ಅಂದರೆ ನಮ್ಮ ಕ್ಯಾಬಿನ್ ಅಟೆಂಡರ್, ಹತ್ತಿದವರಿಗೆಲ್ಲ "ಬಾಗಿಲು, ಬಾಗಿಲು!" ಅಂತ ಕೂಗಿ ಕೂಗಿ ಆ ಹೆಸರೇ ನಿಂತಿದೆ.

ಈಗ ವಿಚಾರಣಾ ಸಮಿತಿ ಕೂತಿದೆ. ಯಂತ್ರದಿಂದ ಬಂದ ಅಂಕಿಗಳೆಲ್ಲ ತಾವಾಗಿಯೇ ಲಾಗ್‌ನಲ್ಲಿ ದಾಖಲಾಗುತ್ತವೆ. ಅವತ್ತು ಆ ಹೊತ್ತಿಗೆ ಅಲ್ಲಿ ಅಂಕಿಯೇ ಇಲ್ಲ. ಸೊನ್ನೆ ಕೂಡ ಇಲ್ಲ. ಖಾಲಿ. ಲಾಗ್ ಖಾಲಿ ಇದ್ದರೆ ಪರದೆಯೂ ಖಾಲಿಯೇ ಇರುತ್ತೆ ಅಂತ ನಮ್ಮ ಮೇನೇಜರ್ ವಾದಿಸಿದ. "ನೀವು ಖಾಲಿ ಪರದೆ ನೋಡ್ಕೊಂಡು ಕ್ಯಾಬಿನ್ ಬಿಟ್ಟಿದ್ದೀರಿ. ಈಗ ಸೊನ್ನೆ ಕಂಡಿತು ಅಂತ ಕಥೆ ಕಟ್ತಿದ್ದೀರಿ" ಅಂದರು ಅಧ್ಯಕ್ಷರು. ಕೆಲಸ ಹೋದರೆ ಇನ್ನೊಂದು ಹುಡುಕಿಕೊಂಡೇನು ಮಾವ. ಬಾಗಿಲಣ್ಣನ ಕೈ ಮುರಿದು, ಮೇಲೆ ಸುಳ್ಳೂ ಹೇಳಿದವಳು ಅನ್ನಿಸಿಕೊಂಡು ಈ ಊರಿನಲ್ಲಿ ಹೇಗೆ ತಲೆಯೆತ್ತಿ ಓಡಾಡಲಿ?

ನೀವು ಜೀವಮಾನವೆಲ್ಲ ಪ್ರೋಗ್ರಾಮಿಂಗ್ ಕಲಿಸಿದವರು. ನನಗೆ ಬೇಕಾದ್ದು ಒಂದೇ ಪ್ರಶ್ನೆಗೆ ಉತ್ತರ. ಲಾಗ್‌ನಲ್ಲಿ ಖಾಲಿ ಇದ್ದದ್ದು ಪರದೆಯಲ್ಲಿ ಸೊನ್ನೆಯಾಗಿ ಕಾಣಿಸಲು ಸಾಧ್ಯವೇ? ಒಂದು ಹಾಳೆಯಲ್ಲಿ ಬರೆಯಿರಿ. ಹಾಸ್ಯ ಬೇಡ.

ಇತಿ,
ನಿಮ್ಮ ಅಕ್ಕನ ಮಗಳು (ಸದ್ಯಕ್ಕೆ ಸಂಬಂಧ ಅಷ್ಟೇ)


ಫೆಬ್ರವರಿ 14

ಮಾತು ಬಿಟ್ಟ ಸೊಸೆಗೆ, ಮಾತು ಬಿಡಲಾರದ ಮಾವನ ಆಶೀರ್ವಾದಗಳು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಹಾಸ್ಯ ಬೇಡ ಅಂದಿದ್ದೀಯ. ಮೀನಿಗೆ ಒದ್ದೆಯಾಗಬೇಡ ಅಂದಿದ್ದೀಯ. ಆದರೂ ಪ್ರಯತ್ನ ಪಡುತ್ತೇನೆ. ಒಂದು ಹಾಳೆಗೆ ಮುಗಿಯುವುದಿಲ್ಲ, ಅದನ್ನು ಮಾತ್ರ ಕ್ಷಮಿಸು.

ಸಾಧ್ಯ. ಸಾಧ್ಯವಷ್ಟೇ ಅಲ್ಲ, ಅದೇ ಆಗಿದೆ ಅಂತ ನನ್ನ ಬೋಳುತಲೆಯ ಮೇಲೆ ಕೈಯಿಟ್ಟು ಹೇಳುತ್ತೇನೆ.

ಕಂಪ್ಯೂಟರಿಗೆ ಅಂಕಿಯೇ ಬೇರೆ, ಬರಹವೇ ಬೇರೆ. ನಿಮ್ಮ ಮನೆ ಬಾಗಿಲ ಮೇಲೆ 12 ಅಂತ ಬರೆದಿದೆ. ಅದನ್ನು ಪಕ್ಕದ ಮನೆಯ 13ಕ್ಕೆ ಕೂಡಿಸಿ ಇಪ್ಪತ್ತೈದನೇ ಮನೆ ನಮ್ಮದು ಅಂತ ನೀನು ಬೀಗುವುದಿಲ್ಲ. ಅದು ಹನ್ನೆರಡು ವಸ್ತುಗಳಲ್ಲ, ಗೋಡೆಗೆ ಬಳಿದ ಎರಡು ಗೀಟು. ಗೋಪುರದ ಮೇಲಿನ ಯಂತ್ರ ಕಳಿಸುವುದೂ ಬರಹವನ್ನೇ. ಅದನ್ನು ಅಂಕಿ ಮಾಡಿಕೊಳ್ಳುವ ಜವಾಬ್ದಾರಿ ಪ್ರೋಗ್ರಾಮಿನದು.

ಇಲ್ಲಿ ಭಾಷೆಗಳ ಸ್ವಭಾವ ಕಾಣಿಸುತ್ತದೆ. ಕೆಲವು ಭಾಷೆಗಳು ಕೌಂಟರಿನಲ್ಲಿ ಕೂತ ಗುಮಾಸ್ತರ ಥರ. ಬರಹಕ್ಕೆ ಅಂಕಿ ಕೂಡಿಸು ಅಂದರೆ, "ಆಗಲ್ಲ ಕಣ್ರೀ, ಸರಿಯಾಗಿ ತುಂಬಿಕೊಂಡು ಬನ್ನಿ, ಮುಂದಿನವರು ಯಾರು?" ಅಂತ ಅಲ್ಲೇ ನಿಲ್ಲಿಸುತ್ತವೆ. ಮೈ ಉರಿಯುತ್ತದೆ, ಆದರೆ ಏನಾಯಿತು ಅಂತ ಗೊತ್ತಾಗುತ್ತದೆ. ಇನ್ನು ಕೆಲವು ಭಾಷೆಗಳು ಮದುವೆಮನೆಯ ಉಸ್ತುವಾರಿ ಹೊತ್ತ ನೆಂಟರ ಥರ. "ಅಯ್ಯೋ, ಅದಕ್ಕೇನಂತೆ, ಹೊಂದಿಸ್ತೀನಿ ಬಿಡಿ!" ಕೇಳುವುದಿಲ್ಲ, ಹೇಳುವುದಿಲ್ಲ, ಹೊಂದಿಸಿಬಿಡುತ್ತವೆ. 12 ಅನ್ನುವ ಬರಹಕ್ಕೆ 3 ಅನ್ನುವ ಅಂಕಿ ಕೂಡಿಸು ಅಂತ ಅಂಥ ಒಂದು ಭಾಷೆಗೆ ಹೇಳಿದೆ ಅಂತಿಟ್ಟುಕೋ. ಮೂರನ್ನೂ ಬರಹ ಮಾಡಿ ಪಕ್ಕ ಕೂರಿಸಿ 123 ಅನ್ನುತ್ತದೆ. ಅದೇ 12ರಿಂದ ಅದೇ 3 ಕಳೆ ಅಂದರೆ 9 ಅನ್ನುತ್ತದೆ. ಯಾಕಪ್ಪಾ ಅಂದರೆ, ಬರಹದಿಂದ ಕಳೆಯುವುದು ಅದಕ್ಕೆ ಗೊತ್ತಿಲ್ಲ, ಆದ್ದರಿಂದ ಈ ಸಲ ಬರಹವನ್ನೇ ಅಂಕಿ ಮಾಡಿತು! ಎರಡೂ ಸಲ ಮುಖದಲ್ಲಿ ಅದೇ ಮಂದಹಾಸ.

ಈಗ ನಿನ್ನ ಮಂಜಿನ ದಿನ. ಯಂತ್ರದ ತಂತಿಯಲ್ಲಿ ತೇವ ಇಳಿದಿರಬೇಕು. ಏನೂ ಬರಲಿಲ್ಲ, ಬಂದದ್ದು ಒಂದು ಖಾಲಿ ಬರಹ. ಲಾಗ್ ಬರೆಯುವ ಭಾಗ ಬಂದದ್ದನ್ನು ಬಂದ ಹಾಗೇ ಬರೆದುಕೊಂಡಿತು: ಖಾಲಿ. ದೀಪ ಹಾಕುವ ಭಾಗ ಕೇಳಿತು: ಇದು ನಲವತ್ತಕ್ಕಿಂತ ಕಡಿಮೆಯೇ? ಖಾಲಿಯನ್ನು ನಲವತ್ತಕ್ಕೆ ಹೋಲಿಸುವುದು ಹೇಗೆ? "ಅಯ್ಯೋ, ಅದಕ್ಕೇನಂತೆ!" ಖಾಲಿಯನ್ನು ಅಂಕಿ ಮಾಡಿದರೆ ಆ ಭಾಷೆಯ ಲೆಕ್ಕದಲ್ಲಿ ಸೊನ್ನೆ. ಸೊನ್ನೆ ನಲವತ್ತಕ್ಕಿಂತ ಕಡಿಮೆ. ಹಸಿರು. ಪರದೆಗೂ ಅದೇ ಸೊನ್ನೆ ಹೋಯಿತು. ನೀನು ನೋಡಿದ್ದೂ ನಿಜ, ಲಾಗ್ ಹೇಳುವುದೂ ನಿಜ. ನಡುವೆ ನಡೆದ ಬದಲಾವಣೆಗೆ ಮಾತ್ರ ಗುರುತಿಲ್ಲ. "ಗೊತ್ತಿಲ್ಲ" ಅನ್ನುವುದು "ಗಾಳಿಯೇ ಇಲ್ಲ" ಆಗಿಬಿಟ್ಟಿತು, ಯಾರಿಗೂ ಒಂದು ಮಾತು ಹೇಳದೆ.

ನಾನೇ ಬಂದು ಸಮಿತಿಯ ಮುಂದೆ ತೋರಿಸುತ್ತೇನೆ. ಬರಲೇ? ನೀನು ಉತ್ತರ ಬರೆಯದಿದ್ದರೆ ಬಾ ಅಂತಲೇ ತಿಳಿದುಕೊಳ್ಳುತ್ತೇನೆ.

ಇತಿ ನಿನ್ನ,
ಒದ್ದೆ ಮೀನು


ಫೆಬ್ರವರಿ 18

ಮಾವ,

ತಿಳಿದುಕೊಳ್ಳಬೇಡಿ! ಅದಕ್ಕೇ ಕಾಗದ ಕೈಗೆ ಬಂದ ದಿನವೇ ಉತ್ತರ ಬರೆಯುತ್ತಿದ್ದೇನೆ. ನನ್ನ ಸುಮ್ಮನಿರುವಿಕೆಯನ್ನು ನೀವು ಹೊಂದಿಸಿಕೊಂಡದ್ದು ಒಮ್ಮೆ ಸಾಕು. ಎರಡು ವರ್ಷದ ಹಿಂದೆ ಊಟಕ್ಕೆ ಕೂತಾಗ "ನನ್ನ ತರಬೇತಿ ಕೇಂದ್ರದಲ್ಲಿ ಟೀಚರ್ ಆಗ್ತೀಯಾ?" ಅಂತ ಕೇಳಿದಿರಿ. ಬಾಯಲ್ಲಿ ತುತ್ತಿತ್ತು, ಸುಮ್ಮನಿದ್ದೆ. ಮುಂದಿನ ವಾರ ನಿಮ್ಮ ಕೇಂದ್ರದ ಮುಂದೆ ನನ್ನ ಫೋಟೋ ಸಮೇತ ಬೋರ್ಡು! ಮದುವೆಮನೆಯ ನೆಂಟರ ವರ್ಣನೆ ಅಷ್ಟು ಚೆನ್ನಾಗಿ ಹೇಗೆ ಬಂತು ಅಂತ ಅಮ್ಮನೂ ನಾನೂ ಮುಖ ಮುಖ ನೋಡಿಕೊಂಡೆವು.

ಬನ್ನಿ. ಇದು ಹೌದು. ಬಾಯಿ ಬಿಟ್ಟು ಹೇಳಿದ ಹೌದು.

ಬೇಗ ಬನ್ನಿ, ಯಾಕೆಂದರೆ ಸೋಮವಾರದಿಂದ ರೋಪ್‌ವೇ ಮತ್ತೆ ಶುರುವಾಗಿದೆ. ಕಂಬಕ್ಕೆ ಬಣ್ಣ ಹೊಡೆದರು, ಕ್ಯಾಬಿನ್ನಿನ ಬಾಗಿಲು ಬದಲಾಯಿಸಿದರು, ನನ್ನನ್ನೂ ಬದಲಾಯಿಸಿದರು. ಪ್ರೋಗ್ರಾಂ ಮಾತ್ರ ಅದೇ. ಅದನ್ನು ಬರೆದ ಕಂಪನಿಯ ತಜ್ಞನೊಬ್ಬ ಸಮಿತಿಯ ಮುಂದೆ ಹೇಳಿದ: "ಯಂತ್ರ ಕೆಟ್ಟರೆ 'ದೋಷ' ಅನ್ನೋ ಪದ ಕಳಿಸುತ್ತೆ ಸರ್. ಆ ಪದ ಬಂದ ಕೂಡಲೇ ಕೆಂಪು ದೀಪ. ಪರೀಕ್ಷೆ ಮಾಡಿದ್ದೀವಿ." ತಂತಿಯೇ ಸತ್ತಿದ್ದರೆ ಆ ಪದವನ್ನಾದರೂ ಹೇಗೆ ಕಳಿಸುತ್ತೆ ಅಂತ ಕೇಳಿದೆ. ನೀವು ಆರೋಪಿ, ಪ್ರಶ್ನೆ ಕೇಳುವಂತಿಲ್ಲ ಅಂದರು.

ನನ್ನ ಕುರ್ಚಿಯಲ್ಲಿ ಈಗ ಗುಬ್ಬಿ ಕೂತಿದ್ದಾಳೆ. ಹೆಸರು ಕೇಳಿ ಮೋಸ ಹೋಗಬೇಡಿ, ಆ ಕುರ್ಚಿಯ ಎರಡು ಕೈಗಳ ನಡುವಿನ ಜಾಗ ಅವಳಿಗೆ ಸಾಲುವುದಿಲ್ಲ. ಮೊದಲು ಮೇಲಿನ ಸ್ಟೇಷನ್ನಿನಲ್ಲಿದ್ದವಳು, ನನಗಿಂತ ಹಳಬಳು. ಇನ್ನೇನು ಗಾಳಿಕಾಲ ಶುರುವಾಗುತ್ತದೆ, ಬೆಳಗಿನ ಮಂಜು ಹೇಗೂ ಇದ್ದೇ ಇದೆ. ಬೆಳಗ್ಗೆ ಎದ್ದ ಕೂಡಲೇ ಕಿಟಕಿ ತೆಗೆದು ಬೆಟ್ಟ ನೋಡುತ್ತೇನೆ. ಮೂರನೇ ಗೋಪುರ ಕಾಣಿಸಿದರೆ ಮಾತ್ರ ಹಲ್ಲುಜ್ಜಲು ಮನಸ್ಸು ಬರುತ್ತದೆ.

ಬಾಗಿಲಣ್ಣನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಅವನ ಹೆಂಡತಿ ವಾರ್ಡಿನ ಬಾಗಿಲಲ್ಲೇ ನಿಂತು, "ಅವರು ಮಲಗಿದ್ದಾರೆ" ಅಂದಳು. ಒಳಗಿಂದ ಅವನು ಕೆಮ್ಮುವುದು ಕೇಳಿಸುತ್ತಿತ್ತು.

ಇತಿ,
ನಿಮ್ಮ ಸೊಸೆ


ಮಾರ್ಚ್ 6

ಸೊಸೆಗೆ,

ಸಮಿತಿಯ ಮುಂದೆ ಸಾಕ್ಷಿ ಹೇಳಿ ಬಂದೆ. ತಜ್ಞರ ಹೇಳಿಕೆಯ ವೇಳೆ ಆರೋಪಿ ಒಳಗಿರಬಾರದು ಅಂತ ನಿನ್ನನ್ನು ಹೊರಗೆ ಕೂರಿಸಿದ್ದು ದೇವರ ದಯೆ. ಹೊರಗೆ ಬಂದವನು ನಿನ್ನ ಮುಖ ನೋಡದೆ ಹಿಂದಿನ ಬಾಗಿಲಿಂದ ಬಸ್ ಹಿಡಿದದ್ದು ಯಾಕೆ ಅಂತ ಈಗ ಓದು.

ಶುರು ಚೆನ್ನಾಗಿತ್ತು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬೆಳಕು ಬಿಟ್ಟು ನನ್ನ ಪುಟ್ಟ ಪ್ರೋಗ್ರಾಂ ತೋರಿಸಿದೆ. ಗಾಳಿಯ ವೇಗ ಕೇಳಿದ ಜಾಗದಲ್ಲಿ ಏನನ್ನೂ ಒತ್ತದೆ ಖಾಲಿ ಬಿಟ್ಟೆ. ಗೋಡೆಯ ಮೇಲೆ "ಗಾಳಿ: 0", ಪಕ್ಕದಲ್ಲಿ ಹಸಿರು. ಮೂವರು ಸದಸ್ಯರೂ ಮುಂದಕ್ಕೆ ಬಾಗಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅವರು ಬಾಗಿದ್ದು ನೋಡಿ ನನ್ನೊಳಗಿನ ಮೇಷ್ಟ್ರು ಎದ್ದು ನಿಂತ. 12ಕ್ಕೆ 3 ಕೂಡಿಸಿ 123 ತೋರಿಸಿದೆ. ಬರಹವಾಗಿ ಹೋಲಿಸಿದರೆ 9 ಅನ್ನುವುದು 10ಕ್ಕಿಂತ ದೊಡ್ಡದು ಅಂತ ತೋರಿಸಿದೆ. ಮೊದಲ ಅಕ್ಷರ ನೋಡಿಯೇ ತೀರ್ಪು ಕೊಡುತ್ತದಲ್ಲ, ಅದಕ್ಕೆ. ಅಧ್ಯಕ್ಷರು ಕನ್ನಡಕ ತೆಗೆದರು.

"ಏನ್ರೀ ಮೇಷ್ಟ್ರೇ, ಒಂಬತ್ತು ಹತ್ತಕ್ಕಿಂತ ದೊಡ್ಡದಾ?"

"ಆ ಭಾಷೆಯಲ್ಲಿ, ಕೆಲವು ಸಂದರ್ಭದಲ್ಲಿ ಸರ್."

"ನೀವು ಇದನ್ನ ಮಕ್ಕಳಿಗೆ ಕಲಿಸ್ತಿದ್ರಾ?"

ಎಲ್ಲರೂ ನಕ್ಕರು. ಮಾತುಗಳನ್ನು ಬರೆದುಕೊಳ್ಳುತ್ತಿದ್ದ ಸ್ಟೆನೊ ಹುಡುಗಿಯೂ ನಕ್ಕಳು. ಆಮೇಲೆ ಆ ಕಂಪನಿಯ ತಜ್ಞ ಎದ್ದ. ನನ್ನ ಮಗನ ವಯಸ್ಸು, ಒಳ್ಳೇ ಇಸ್ತ್ರಿ ಮಾಡಿದ ಶರ್ಟು, ಇನ್ನೂ ಒಳ್ಳೇ ಇಸ್ತ್ರಿ ಮಾಡಿದ ಮಾತು. "ಹಿರಿಯರು ತೋರಿಸಿದ್ದೆಲ್ಲ ಸರಿ ಸರ್. ಆದರೆ ಇದು ಅವರ ಪ್ರೋಗ್ರಾಂ. ತಪ್ಪು ಮಾಡಲಿ ಅಂತಲೇ ಅವರು ಬರೆದದ್ದು. ನಮ್ಮದು ಹೀಗೆ ಮಾಡುತ್ತೆ ಅನ್ನೋದಕ್ಕೆ ಏನು ಆಧಾರ?" ಹಾಗಾದರೆ ನಿಮ್ಮದನ್ನು ತೋರಿಸಿ ಅಂದೆ. ಅದು ವ್ಯಾಪಾರದ ಗುಟ್ಟಂತೆ. ಸಮಿತಿ ತಲೆಯಾಡಿಸಿತು. ನಿಮ್ಮ ಮೇನೇಜರ್ ಮೀಸೆಯಲ್ಲೇ ನಗುತ್ತಿದ್ದ.

ಆ ತಜ್ಞನ ಪ್ರಶ್ನೆ ನ್ಯಾಯವಾದದ್ದೇ. ಲಾಗ್‌ನಲ್ಲಿ ಖಾಲಿ ಇದ್ದಾಗ ಪರದೆಯಲ್ಲಿ ಸೊನ್ನೆ ಇತ್ತು ಅಂತ ಹೇಳಲು ಇಡೀ ಜಗತ್ತಿನಲ್ಲಿ ಇರುವುದು ನಿನ್ನ ಎರಡು ಕಣ್ಣು. ಅವರು ನಂಬದಿರುವುದು ಆ ಕಣ್ಣುಗಳನ್ನೇ. ಪರದೆ ತಾನು ಏನು ತೋರಿಸಿದೆ ಅಂತ ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ.

ಹಾಸ್ಯ ಬೇಡ ಅಂತ ನೀನು ಅಂದಿದ್ದೆ. ಕೇಳಬೇಕಿತ್ತು.

ಇತಿ,
ಮಾವ


ಮಾರ್ಚ್ 29

ಮಾವ,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದೇ ಇದ್ದುದಕ್ಕೆ ನೀವು ಏನೇನು ಅರ್ಥ ಹಚ್ಚಿಕೊಂಡಿದ್ದೀರೋ. ಕೋಪ ಅಂತ ತಿಳಿದಿದ್ದರೆ, ಮೊದಲ ವಾರದ ಮಟ್ಟಿಗೆ ಸರಿ. ಅಮ್ಮನ ಎದುರು ನಿಮ್ಮನ್ನು ಬೈದದ್ದನ್ನು ಬರೆದರೆ ಅಂಚೆಯವನು ಲಕೋಟೆ ಮುಟ್ಟುವುದಿಲ್ಲ. ಆಮೇಲೆ ಕೋಪವೂ ಸುಸ್ತಾಯಿತು.

ನಾನೀಗ ನನ್ನ ಕೆಲಸದ ಯೋಚನೆ ಬಿಟ್ಟಿದ್ದೇನೆ. ಮೊನ್ನೆ ಮಂಜು ಇಳಿದು ಮೂರನೇ ಗೋಪುರ ಮಾಯವಾಯಿತು, ಆದರೆ ಹಗ್ಗ ಓಡುತ್ತಿರುವ ಸದ್ದು ಮನೆಯವರೆಗೆ ಕೇಳಿಸುತ್ತಿತ್ತು. ಅಷ್ಟು ಹೊತ್ತೂ ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದೆ. ಅವತ್ತು ಏನೂ ಆಗಲಿಲ್ಲ. ಆಗದೇ ಇದ್ದದ್ದಕ್ಕೆ ಯಾವ ಕಾರಣವೂ ಇರಲಿಲ್ಲ.

ಸಂಜೆ ಗುಬ್ಬಿ ಮನೆಗೆ ಹೋದೆ. ಬಟ್ಟೆ ಮಡಚುತ್ತಾ ಕೂತಿದ್ದಳು. ನೀವು ಬರೆದದ್ದನ್ನೆಲ್ಲ ನನ್ನ ಮಾತಿನಲ್ಲಿ ಹೇಳಿದೆ. ಗೋಪುರದಿಂದ ಏನೂ ಬರದಿದ್ದರೂ ಪರದೆ ಸೊನ್ನೆ ತೋರಿಸುತ್ತೆ. ನಿಜವಾಗಿ ಗಾಳಿ ಇಲ್ಲದಿದ್ದರೂ ಸೊನ್ನೆಯೇ ತೋರಿಸುತ್ತೆ. ಎರಡೂ ನೋಡಲು ಒಂದೇ ಥರ. ಅದಕ್ಕೆ, ಸೊನ್ನೆ ಕಂಡರೆ ಹಗ್ಗ ನಿಲ್ಲಿಸು, ಮೇಲಿನ ಸ್ಟೇಷನ್ನಿಗೆ ಫೋನ್ ಮಾಡಿ ಹೊರಗೆ ಹೋಗಿ ನೋಡೋಕೆ ಹೇಳು ಅಂದೆ.

"ಹಸಿರು ದೀಪ ಇದ್ದಾಗ ನಿಲ್ಲಿಸಿದರೆ ಮೆಮೊ ಕೊಡ್ತಾರೆ ಕಣೇ" ಅಂದಳು.

"ಕೊಡ್ತಾರೆ."

"ನಿನ್ನ ಪಕ್ಕದಲ್ಲಿ ನನ್ನನ್ನೂ ಕೂರಿಸ್ತಾರೆ."

"ಕೂರಿಸ್ತಾರೆ."

"ನಿಲ್ಲಿಸಿದ ಮೇಲೆ ಗಾಳಿ ಬರಲೇ ಇಲ್ಲ ಅಂದರೆ? ಊರೆಲ್ಲ ನಗುತ್ತೆ. ಗುಬ್ಬಿ ಸೊನ್ನೆ ನೋಡಿ ಹೆದರಿದಳು ಅಂತ."

ಅವಳು ಒಂದು ಲಂಗ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಹೊತ್ತಾಯಿತು ಅಂತ ನಾನೇ ಎದ್ದು ಬಂದೆ.

ಸುಮ್ಮನಿದ್ದಳು ಮಾವ, ಅಷ್ಟೇ. ಅದನ್ನು ನೀವು ಹೂಂ ಅಂತ ಓದಿಕೊಳ್ಳಬೇಡಿ. ಉಹೂಂ ಅಂತ ಓದಿಕೊಳ್ಳದಿರಲು ನಾನೂ ಒದ್ದಾಡುತ್ತಿದ್ದೇನೆ.

ಇತಿ,
ನಿಮ್ಮ ಸೊಸೆ


ಏಪ್ರಿಲ್ 17, ನೆಲದಿಂದ ಬಹಳ ಮೇಲೆ

ಸೊಸೆಗೆ,

ಅಕ್ಷರ ಸೊಟ್ಟಗಿದ್ದರೆ ಕಾರಣ ಕೈಯಲ್ಲ, ಮೇಜಿಲ್ಲದಿರುವುದು. ನಾನು ನಿಮ್ಮ ರೋಪ್‌ವೇಯ ಕ್ಯಾಬಿನ್ನಿನಲ್ಲಿ, ಎರಡನೇ ಮತ್ತು ಮೂರನೇ ಗೋಪುರದ ನಡುವೆ, ಮಂಜಿನೊಳಗೆ ನೇತಾಡುತ್ತಿದ್ದೇನೆ. ಬಯ್ಯುವುದಕ್ಕೆ ಮೊದಲು ಪೂರ್ತಿ ಓದು.

ವಾರದಿಂದ ನಿಮ್ಮ ಊರಿನಲ್ಲೇ ಇದ್ದೇನೆ, ಬಸ್ ನಿಲ್ದಾಣದ ಹಿಂದಿನ ವಸತಿಗೃಹದಲ್ಲಿ. ನಿನಗೂ ಅಕ್ಕನಿಗೂ ಹೇಳಲಿಲ್ಲ. ದಿನಾ ಮೊದಲ ಕ್ಯಾಬಿನ್ನಿನಲ್ಲಿ ಮೇಲೆ ಹೋಗುತ್ತೇನೆ, ಕೊಡೆಯ ತುದಿಗೆ ಒಂದು ರಿಬ್ಬನ್ ಕಟ್ಟಿಕೊಂಡು ಕಿಟಕಿಯಿಂದ ಹೊರಗೆ ಹಿಡಿಯುತ್ತೇನೆ. ಅದು ಪಟಪಟ ಬಡಿದುಕೊಂಡರೆ ಅಟೆಂಡರನಿಗೆ ಹೇಳಿ ನಿಲ್ಲಿಸಬೇಕು ಅಂತ ನನ್ನ ಯೋಜನೆ. ಹೊಸ ಅಟೆಂಡರನಿಗೆ ನಾನು ರಿಬ್ಬನ್ ತಾತ. ನಗುತ್ತಾನೆ. ನಗಲಿ.

ಇವತ್ತು ಹಸಿರು ದೀಪದಲ್ಲೇ ಹೊರಟೆವು. ಎರಡನೇ ಗೋಪುರ ದಾಟಿದ ಕೂಡಲೇ ಗಕ್ಕನೆ ನಿಂತಿತು. ಆಮೇಲೆ ಎಲ್ಲವೂ ನಿಶ್ಶಬ್ದ. ರಿಬ್ಬನ್ನು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದೆ. ಗಾಳಿಯ ಸುಳಿವೇ ಇಲ್ಲ ಕಣೇ. ಆದರೆ ಬಾಗಿಲಣ್ಣನ ಕ್ಯಾಬಿನ್ ಮೂರನೇ ಗೋಪುರ ತಲುಪುವ ಹೊತ್ತಿಗೆ ಗಾಳಿ ಹುಚ್ಚೆದ್ದಿತ್ತು ಅಂತ ನೀನು ಬರೆದದ್ದು ನೆನಪಾಗಿ ರಿಬ್ಬನ್ನಿನ ಕಡೆಗೇ ಮತ್ತೆ ಮತ್ತೆ ನೋಡುತ್ತಿದ್ದೇನೆ. ಎದುರಿಗೆ ಕೂತ ಹೆಂಗಸು ಮಗುವನ್ನು ಎದೆಗೊತ್ತಿಕೊಂಡು, "ಯಾವ ದರಿದ್ರದವರು ನಿಲ್ಲಿಸಿದ್ದು?" ಅಂತ ಶಪಿಸುತ್ತಿದ್ದಾಳೆ. ಗಂಡ ಅಟೆಂಡರನ ಮೇಲೆ ಹಾರಾಡುತ್ತಿದ್ದಾನೆ.

ಅಟೆಂಡರನ ವಾಕಿಟಾಕಿ ಗೊರಗೊರ ಅಂದಿತು. ಗುಬ್ಬಿಯ ದನಿ. "ನಾನೇ ನಿಲ್ಲಿಸಿದ್ದು. ಸೊನ್ನೆ ತೋರಿಸ್ತಿದೆ. ಮೇಲಿನವರು ಹೊರಗೆ ಹೋಗಿ ನೋಡ್ತಿದ್ದಾರೆ." ಅಷ್ಟರಲ್ಲಿ ನಿಮ್ಮ ಮೇನೇಜರನ ದನಿ ನುಗ್ಗಿತು. ಅವಳ ಬೆರಳು ವಾಕಿಟಾಕಿಯ ಗುಂಡಿಯ ಮೇಲೆ ಮರೆತು ಉಳಿದಿತ್ತೋ, ಬೇಕೆಂದೇ ಉಳಿಸಿಕೊಂಡಿದ್ದಳೋ, ನಮಗೆಲ್ಲ ಅಚ್ಚುಕಟ್ಟಾಗಿ ಕೇಳಿಸಿತು.

"ಏನಮ್ಮಾ ನಿನ್ನ ತಲೆಹರಟೆ? ಹೊರಗೆ ಕ್ಯೂ ಗೇಟು ದಾಟಿ ಹೋಗಿದೆ! ಗಾಳಿ ಇಲ್ಲ ಅಂತ ಪರದೆ ಹೇಳ್ತಿದೆಯಲ್ಲ! ಸೊನ್ನೆ ಅಂತ ಇಷ್ಟು ದಪ್ಪ ಕಾಣಿಸ್ತಿದೆ, ನಿನಗೆ ಕಣ್ಣು ಕುರುಡಾ?"

"ಕಾಣಿಸ್ತಿದೆ ಸಾರ್. ಅದಕ್ಕೇ ನಿಲ್ಲಿಸಿದ್ದು."

"ಚಾಲೂ ಮಾಡು ಅಂದೆ!"

ಅಲ್ಲಿಗೆ ಮಾತು ತುಂಡಾಯಿತು. ಅವಳು ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ. ಅವನು ಅವಳನ್ನು ತಳ್ಳಿ ತಾನೇ ಹಗ್ಗದ ಗುಂಡಿ ಒತ್ತಿದರೆ? ಮೇಲಿನ ಹಗ್ಗವನ್ನೇ ನೋಡುತ್ತಾ ಕೂತಿದ್ದೇನೆ. ಮಗು ನನ್ನ ರಿಬ್ಬನ್ ಕೇಳಿತು, ಕೊಟ್ಟೆ. ನಿಜ ಹೇಳಲಾ, ಬಹಳ ಭಯವಾಗುತ್ತಿದೆ.

ಸಂಜೆ ಸೇರಿಸಿದ್ದು: ಹಗ್ಗ ಅಲುಗಲಿಲ್ಲ. ಗುಬ್ಬಿ ಜಗ್ಗಲಿಲ್ಲ. ಮೇಲಿನಿಂದ ಗಾಳಿಯಿಲ್ಲ ಅಂತ ಫೋನ್ ಬಂದ ಮೇಲೆಯೇ ನಮ್ಮನ್ನು ತುರ್ತಿಗೆಂದು ಇಟ್ಟ ಡೀಸೆಲ್ ಎಂಜಿನ್ನಿನಲ್ಲಿ ಇಂಚಿಂಚಾಗಿ ಕೆಳಗಿಳಿಸಿದಳು. ಗಾಳಿ ಆಮೇಲೂ ಬರಲಿಲ್ಲ. ಒಂದು ಹುಲ್ಲುಕಡ್ಡಿ ಕೂಡ ಅಲ್ಲಾಡಲಿಲ್ಲ. ಕೆಳಗೆ ನಿಂತವರೆಲ್ಲ ಅವಳ ಕಿಟಕಿಯ ಕಡೆ ನೋಡಿ ನಗುತ್ತಿದ್ದರು.

ಇತಿ,
ಕೆಳಗಿಳಿದ ಮಾವ


ಮೇ 5

ಮಾವ,

ಕ್ಯಾಬಿನ್ನಿನ ಕಾಗದ ಓದಿ ಅಮ್ಮ ಅಳುತ್ತಾ ನಿಮ್ಮನ್ನು ಬೈದಳು, ಬೈಯುತ್ತಾ ಎರಡು ಸಲ ಓದಿಸಿಕೊಂಡಳು. ನಿನ್ನೆಯ ಸಮಿತಿಗೆ ಬರಲು ನೀವು ಫೋನಿನಲ್ಲಿ ಹಟ ಹಿಡಿದಾಗ ಅಮ್ಮನ ಮೂಲಕ ಬೇಡ ಅಂದೆ. ಈಗ ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಹಗ್ಗ ನಿಂತ ಮಾರನೇ ದಿನ ಗುಬ್ಬಿ ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ, "ನಿನ್ನ ಮಾತು ಕೇಳಿ ನಾನೂ ಮನೇಲಿ ಕೂತೆ ನೋಡು. ಕಾಫಿಯಾದರೂ ಗಟ್ಟಿಯಾಗಿ ಮಾಡು" ಅಂದಳು. ಗಾಳಿಯೇ ಬರಲಿಲ್ಲವಲ್ಲ ಅಂತ ನನಗೆ ಅವಳ ಮುಖ ನೋಡಲಾಗಲಿಲ್ಲ. ಮೇನೇಜರ್ ಕೊಟ್ಟ ಮೆಮೊವನ್ನು ಮೇಜಿನ ಮೇಲೆ ಎಸೆದಳು. ಬಯ್ಗುಳ ಓದೋಣ ಅಂತ ಎತ್ತಿಕೊಂಡೆ. ಮೂರನೇ ಸಾಲನ್ನು ಎರಡು ಸಲ ಓದಿದೆ. "ಸದರಿ ಸಮಯದಲ್ಲಿ ಪರದೆಯ ಮೇಲೆ ಗಾಳಿಯ ವೇಗ ಸೊನ್ನೆ ಎಂದು ಸ್ಪಷ್ಟವಾಗಿ ಕಾಣಿಸುತ್ತಿದ್ದುದನ್ನು ನಾನು ಖುದ್ದಾಗಿ ನೋಡಿರುತ್ತೇನೆ. ಆದಾಗ್ಯೂ ನೀವು ಉದ್ದೇಶಪೂರ್ವಕವಾಗಿ ಹಗ್ಗವನ್ನು ನಿಲ್ಲಿಸಿ..."

"ಗುಬ್ಬಿ, ಆ ಹೊತ್ತಿನ ಲಾಗ್‌ನಲ್ಲಿ ಏನಿದೆ?"

"ನನಗೇನು ಗೊತ್ತು? ಲಾಗ್ ತೆಗೆಯೋದು ಅವರು."

ನಿಜವಾದ ಸೊನ್ನೆಯಾಗಿದ್ದರೆ ಲಾಗ್‌ನಲ್ಲೂ ಸೊನ್ನೆ ಇರುತ್ತದೆ. ಆಗ ಅವಳ ಕೆಲಸವೂ ಹೋಯಿತು, ನನ್ನದೂ ಹೋಯಿತು. ಎರಡು ವಾರ ಇಬ್ಬರೂ ಆ ಮೆಮೊ ಎದುರಿಗಿಟ್ಟುಕೊಂಡು ಕಾಫಿ ಕುಡಿದೆವು. ಏನಿದೆಯೋ ಅಂತ ಊಹೆ ಮಾಡಬಾರದು ಅಂತ ಒಪ್ಪಂದ ಮಾಡಿಕೊಂಡಿದ್ದೆವು. ಇಬ್ಬರೂ ಮುರಿದೆವು.

ನಿನ್ನೆ ಸಮಿತಿ ಕೂತಿತು. ಬಾಗಿಲಣ್ಣನೂ ಬಂದಿದ್ದ, ಕೈ ಕೊರಳಿಗೆ ಕಟ್ಟಿಕೊಂಡು. ನನ್ನ ಕಡೆ ನೋಡಲಿಲ್ಲ. ಮೆಮೊ ಕೊಟ್ಟೆ. ಅಧ್ಯಕ್ಷರು ಓದಿ ಮೇನೇಜರನನ್ನು ಕರೆದರು.

"ಇದು ನಿಮ್ಮ ಸಹಿ ತಾನೇ?"

"ನನ್ನದೇ ಸರ್. ಇಂಥ ಬೇಜವಾಬ್ದಾರಿಯನ್ನ ನಾನು ಸಹಿಸಲ್ಲ."

"ಸೊನ್ನೆ ಕಂಡಿದ್ದು ಖಂಡಿತಾನಾ? ಖಾಲಿ ಇರಲಿಲ್ಲವೇ?"

"ಇದೇ ಕಣ್ಣಾರೆ ನೋಡಿದ್ದೀನಿ ಸರ್! ಇಷ್ಟು ದಪ್ಪ ಸೊನ್ನೆ. ಪಕ್ಕದಲ್ಲಿ ಹಸಿರು ದೀಪ."

ಅವನ ಎದೆ ಉಬ್ಬಿದ್ದು ನೋಡಬೇಕಿತ್ತು. ಅಧ್ಯಕ್ಷರು ಆ ದಿನದ ಲಾಗ್ ತರಿಸಿ ಅಂದರು. ಇಸ್ತ್ರಿ ಶರ್ಟಿನ ತಜ್ಞ ಮಾತ್ರ ಏನೋ ಹೊಳೆದವನಂತೆ ಕುರ್ಚಿಯಿಂದ ಅರ್ಧ ಎದ್ದ, ಮತ್ತೆ ಕೂತ. ಹಾಳೆ ಬರುವವರೆಗೆ ಗುಬ್ಬಿ ನನ್ನ ಮೊಣಕೈ ಹಿಡಿದಿದ್ದಳು. ಇವತ್ತಿಗೂ ಅಲ್ಲಿ ನೀಲಿಗಟ್ಟಿದೆ.

ಅಧ್ಯಕ್ಷರು ಬೆರಳಿಟ್ಟು ಸಾಲು ಸಾಲಾಗಿ ಕೆಳಗಿಳಿದರು. ಬೆರಳು ನಿಂತಿತು. ಹಾಳೆಯನ್ನು ಮೇನೇಜರನ ಕಡೆ ತಿರುಗಿಸಿದರು.

"ಇಲ್ಲಿ ಏನಿದೆ, ಓದಿ."

ಅವನು ಓದಲಿಲ್ಲ. ಓದಲು ಅಲ್ಲಿ ಏನೂ ಇರಲಿಲ್ಲ. ಅವತ್ತು ಹಗ್ಗ ನಿಂತಷ್ಟು ಹೊತ್ತೂ ಖಾಲಿ.

"ಲಾಗ್‌ನಲ್ಲಿ ಖಾಲಿ ಇದ್ದರೆ ಪರದೆಯಲ್ಲೂ ಖಾಲಿ ಇರುತ್ತೆ, ಈ ಹೆಣ್ಣುಮಗಳು ಸುಳ್ಳು ಹೇಳ್ತಿದ್ದಾಳೆ ಅಂತ ಈ ಕೋಣೆಯಲ್ಲೇ ವಾದ ಮಾಡಿದ್ದೀರಿ. ಈಗ ಅಂಥದ್ದೇ ಖಾಲಿಯ ಎದುರು ನೀವೂ ಸೊನ್ನೆ ನೋಡಿದ್ದೀರಿ. ಹಾಗಾದರೆ ಅವತ್ತು ಇವರು ಹೇಳಿದ್ದು ನಿಜ ತಾನೇ?"

ಮೇನೇಜರ್ ತಜ್ಞನ ಕಡೆ ನೋಡಿದ. ತಜ್ಞ ತನ್ನ ಬೂಟು ನೋಡಿಕೊಂಡ. ಆಗ ಬಾಗಿಲಣ್ಣ ಮೊದಲ ಸಲ ನನ್ನ ಕಡೆ ತಿರುಗಿದ. ತಿರುಗಿದವನು ಹಾಗೇ ನೋಡುತ್ತಾ ಕೂತ.

ಅಧ್ಯಕ್ಷರು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ಮೇನೇಜರನ ಬಾಯಿ ತೆರೆಯಲಿಲ್ಲ. ಅಧ್ಯಕ್ಷರು ಕಾದರು. ಆಮೇಲೆ, ಯಂತ್ರದ ತಂತಿ ಮತ್ತು ಪ್ರೋಗ್ರಾಂ ಎರಡೂ ಸರಿಹೋಗುವವರೆಗೆ ಹಗ್ಗ ಓಡಬಾರದು, ಈ ಇಬ್ಬರು ಹೆಣ್ಣುಮಕ್ಕಳ ಸಸ್ಪೆನ್ಷನ್ ಇವತ್ತಿಗೇ ರದ್ದು ಅಂತ ಹೇಳಿ ಬರೆಸಿದರು. ಗುಬ್ಬಿ ನನ್ನ ಭುಜಕ್ಕೆ ಮುಖ ಒತ್ತಿಕೊಂಡು ಅತ್ತಳು. ಅಷ್ಟು ದೊಡ್ಡ ಹೆಂಗಸು ಅತ್ತರೆ ಇಡೀ ಬೆಂಚು ಅಲುಗುತ್ತದೆ.

ಸ್ಟೆನೊ ಹುಡುಗಿಯ ಪೆನ್ನು ಮಾತ್ರ ಹಿಂದಿನ ಸಾಲಿನಲ್ಲೇ ನಿಂತಿತ್ತು.

"ಸರ್, ಮೇನೇಜರ್ ಉತ್ತರ ಏನೂ ಬರಲಿಲ್ಲ. ಜಾಗ ಖಾಲಿ ಬಿಡಲಾ?"

"ಬಿಡಬೇಡಮ್ಮಾ" ಅಂದರು ಅಧ್ಯಕ್ಷರು. "ಉತ್ತರ ಕೊಡಲಿಲ್ಲ ಅಂತ ಬರಿ."

ಇತಿ ಪ್ರೀತಿಯ,
ನಿಮ್ಮ ಸೊಸೆ